ಕದ್ದರೂ ಕಾಣೆಯಾಗದ ಸೊತ್ತು

ಪೆಟ್ಟಿಗೆಯಲ್ಲಿಟ್ಟ ಒಡವೆ ಕಳುವಾದರೆ ಪೆಟ್ಟಿಗೆ ಬರಿದಾಗುತ್ತದೆ. ಕಳವು ನಡೆದಿದೆಯೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮಾಹಿತಿ ಹಾಗಲ್ಲ. ನಿಮ್ಮ ಬ್ಯಾಂಕ್ ಕಾರ್ಡಿನ ವಿವರಗಳನ್ನು ಯಾರೋ ನಕಲು ಮಾಡಿಕೊಂಡರೂ ಕಾರ್ಡು ನಿಮ್ಮ ಕಿಸೆಯಲ್ಲೇ ಇರುತ್ತದೆ, ಎಟಿಎಂನಲ್ಲಿ ಹಣವೂ ಬರುತ್ತಿರುತ್ತದೆ. ಹಾಗಾದರೆ ಕಳವು ನಿಮಗೆ ತಿಳಿಯುವುದು ಹೇಗೆ? ತಿಳಿಸಬೇಕಾದವರು ಯಾರು? ಹಣ ಹೋದರೆ ನಷ್ಟ ಯಾರ ತಲೆಯ ಮೇಲೆ? ನಮ್ಮ ದೇಶದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ರೂಪುಗೊಂಡ ಬಗೆಯನ್ನು 2016ರ ಒಂದು ಘಟನೆಯಿಂದ ಆರಂಭಿಸಿ ನೋಡೋಣ.

ಆ ವರ್ಷದ ಅಕ್ಟೋಬರ್‌ನಲ್ಲಿ, ವಿವಿಧ ಬ್ಯಾಂಕುಗಳ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿಹೋಗಿರುವ ಸಂಭವವಿದೆ ಎಂಬ ಸುದ್ದಿ ಹೊರಬಿತ್ತು. ಭಾರತೀಯ ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ತಡೆಹಿಡಿದು ಹೊಸವನ್ನು ಕೊಡಬೇಕಾಯಿತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆಗ ನೀಡಿದ ಲೆಕ್ಕದ ಪ್ರಕಾರ 19 ಬ್ಯಾಂಕುಗಳ 641 ಗ್ರಾಹಕರಿಂದ ದೂರು ಬಂದಿತ್ತು. ಹೋದ ಹಣ ಸುಮಾರು 1.3 ಕೋಟಿ ರೂಪಾಯಿ. ಎಟಿಎಂ ಸೇವೆ ಒದಗಿಸುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವೀಸಸ್ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯೊಳಗೆ ಕುತಂತ್ರಾಂಶ ನುಸುಳಿತ್ತು. ಬೆಂಗಳೂರಿನ ಸಿಸಾ ಸಂಸ್ಥೆ ಇದರ ತನಿಖೆ ನಡೆಸಿತು. 2016ರ ಮಧ್ಯಭಾಗದಲ್ಲೇ ತನ್ನ ವ್ಯವಸ್ಥೆಗೆ ಧಕ್ಕೆಯಾಗಿತ್ತೆಂದು ಹಿಟಾಚಿ ಒಪ್ಪಿಕೊಂಡದ್ದು 2017ರ ಫೆಬ್ರುವರಿಯಲ್ಲಿ. ಕಳವಿಗೂ ಸುದ್ದಿಗೂ ನಡುವೆ ತಿಂಗಳುಗಳೇ ಕಳೆದಿದ್ದವು ಎಂಬುದನ್ನು ಗಮನಿಸಿ.

ನಕಲು ಇಷ್ಟು ಸುಲಭವಾದದ್ದೇಕೆ? ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿ ಸೂಕ್ಷ್ಮ ಕಾಂತೀಯ ಕಣಗಳಿವೆ. ಅವುಗಳ ಕಾಂತೀಕರಣದ ದಿಕ್ಕು ಎಲ್ಲೆಲ್ಲಿ ಬದಲಾಗುತ್ತದೆ ಎಂಬುದರಲ್ಲಿ ಮಾಹಿತಿ ಅಡಗಿದೆ. ಹಳೆಯ ಕ್ಯಾಸೆಟ್ ಟೇಪಿನಂತೆ ಇದನ್ನು ಓದಿ ಇನ್ನೊಂದು ಪಟ್ಟಿಯ ಮೇಲೆ ಬರೆಯಬಹುದು. ಮೂಲಕ್ಕೂ ನಕಲಿಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಚಿಪ್ ಇರುವ ಕಾರ್ಡು ಹೀಗಲ್ಲ. ತನ್ನೊಳಗಿನ ಗುಪ್ತ ಕೀಲಿಯನ್ನು ಬಳಸಿ ಪ್ರತಿ ವ್ಯವಹಾರಕ್ಕೂ ಅದು ಹೊಸ ಸಂಕೇತವೊಂದನ್ನು ಲೆಕ್ಕಹಾಕಿ ಕೊಡುತ್ತದೆ. ನಿನ್ನೆಯ ಸಂಕೇತವನ್ನು ಕದ್ದವನಿಗೆ ಇಂದು ಅದರಿಂದ ಪ್ರಯೋಜನವಿಲ್ಲ. ಬರೀ ಕಾಂತಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ವಿಧಿಸಿದ್ದರ ಹಿಂದಿನ ತತ್ತ್ವ ಇದೇ. ಸೋರಿದ ಮಾಹಿತಿಯನ್ನು ಹಿಂದಕ್ಕೆ ಪಡೆಯಲಾಗದು. ಅದು ಕೆಲಸಕ್ಕೆ ಬಾರದಂತೆ ಮಾಡಬಹುದು, ಅಷ್ಟೆ.

ಇನ್ನು ನಷ್ಟದ ಹೊಣೆ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಮೂರಾಗಿ ವಿಂಗಡಿಸಿತು. ಬ್ಯಾಂಕಿನದೇ ಲೋಪವಾದರೆ ಗ್ರಾಹಕರ ಹೊಣೆ ಸೊನ್ನೆ, ಅವರು ದೂರು ಕೊಡಲಿ ಬಿಡಲಿ. ಪಿನ್ ಹೇಳಿಬಿಡುವಂಥ ಗ್ರಾಹಕರ ಅಜಾಗರೂಕತೆಯಿಂದ ಆದದ್ದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ಆನಂತರದ್ದು ಬ್ಯಾಂಕಿನದು. ಲೋಪ ಇಬ್ಬರದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಇದ್ದರೆ ದಿನಗಳ ಲೆಕ್ಕ ಬರುತ್ತದೆ. ವ್ಯವಹಾರದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. 4ರಿಂದ 7 ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ ಹೊಣೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥಪಡಿಸಬೇಕು ಎಂದೂ ಅದು ವಿಧಿಸಿತು. ತಪ್ಪು ಗ್ರಾಹಕರದೆಂದು ರುಜುವಾತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿದ್ದು ಇದರ ಮುಖ್ಯ ಅಂಶ. ಮೊತ್ತಗಳು ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ಇಂದಿನ ನಿಯಮವನ್ನು ನಿಮ್ಮ ಶಾಖೆಯಲ್ಲಿ ಕೇಳಿ ತಿಳಿಯಿರಿ.

ಹಣ ಹೋಗದಿದ್ದರೂ ಮಾಹಿತಿಯ ಮೇಲೆ ನಮಗೆ ಹಕ್ಕಿದೆಯೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಲ್ಲಿ ನಡೆದ ದೀರ್ಘ ಚರ್ಚೆಯ ಫಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳಂತೆ, ಸೋರಿಕೆಯಾದರೆ ಸಂಸ್ಥೆಯು ತಡಮಾಡದೆ ಬಾಧಿತರೆಲ್ಲರಿಗೂ ತಿಳಿಸಬೇಕು. ಪೂರ್ಣ ವಿವರವನ್ನು 72 ಗಂಟೆಗಳೊಳಗೆ ಮಂಡಳಿಗೆ ಕೊಡಬೇಕು. ಈ ಭಾಗ ಜಾರಿಗೆ ಬರಲು ಪ್ರಕಟಣೆಯಿಂದ 18 ತಿಂಗಳ ಅವಧಿ ಇಡಲಾಗಿದೆ. ರಕ್ಷಣೆಯಲ್ಲಿ ವಿಫಲವಾದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವುಂಟು. ಆದರೆ ಆ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ, ನೊಂದವರಿಗಲ್ಲ. ನೊಂದವರಿಗೆ ಸಂಸ್ಥೆ ಪರಿಹಾರ ಕೊಡಬೇಕೆಂದು ಹೇಳುತ್ತಿದ್ದದ್ದು 2009ರಲ್ಲಿ ಜಾರಿಗೆ ಬಂದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು. ಹೊಸ ಕಾಯ್ದೆ ಪೂರ್ಣ ಜಾರಿಯಾದಾಗ ಈ ಕಲಮು ರದ್ದಾಗುವಂತೆ ಬರೆಯಲಾಗಿದೆ. ತಿಳಿಯುವ ಹಕ್ಕು ಬಂತು, ಪರಿಹಾರದ ಒಂದು ದಾರಿ ಮುಚ್ಚಿತು ಎನ್ನುವಂತಾಗುತ್ತದೆ. ಇದು ವಿಚಾರ ಮಾಡಬೇಕಾದ ಸಂಗತಿ.

ಸೋರಿಕೆಯ ಸುದ್ದಿ ಕೇಳಿದರೆ ನೀವೇನು ಮಾಡಬೇಕು? ಕಾರ್ಡನ್ನು ತಡೆಹಿಡಿಸಿ ಹೊಸದನ್ನು ಪಡೆಯಿರಿ. ಪಿನ್ ಮತ್ತು ಪಾಸ್‌ವರ್ಡ್ ಬದಲಾಯಿಸಿ. ಖಾತೆಯ ವ್ಯವಹಾರಗಳನ್ನು ಒಂದೊಂದಾಗಿ ನೋಡಿ. ನಿಮ್ಮದಲ್ಲದ ವ್ಯವಹಾರ ಕಂಡರೆ ಅಂದೇ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಹಾಗೂ ದಿನಾಂಕ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಸೋರಿಕೆಯ ನೆಪದಲ್ಲಿ ‘ಬ್ಯಾಂಕಿನಿಂದ’ ಎಂದು ಕರೆ ಮಾಡಿ ಒಟಿಪಿ ಕೇಳುವವರೂ ಇದ್ದಾರೆ, ಎಚ್ಚರ.

ಅಧ್ಯಾಪಕರು ತರಗತಿಯಲ್ಲಿ ಒಂದು ಪ್ರಶ್ನೆ ಕೇಳಬಹುದು: ನಿಮ್ಮ ಮನೆಯವರ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೆ? ಎಷ್ಟೋ ಮನೆಗಳಲ್ಲಿ ಅಜ್ಜಿಯ ಪಿಂಚಣಿ ಖಾತೆಗೆ ಎಂದೋ ಬಿಟ್ಟುಹೋದ ಸಂಖ್ಯೆಯೇ ಇರುತ್ತದೆ. ಸಂದೇಶವೇ ತಲುಪದಿದ್ದರೆ ಮೂರು ದಿನಗಳ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಆ ಸಂಖ್ಯೆಯನ್ನು ಈ ವಾರವೇ ಸರಿಪಡಿಸಿ.