ತನ್ನ ರೋಗವನ್ನು ತಾನೇ ಹೇಳುವ ಲಾರಿ

ಲಾರಿಯ ದೋಷವನ್ನು ವಿದ್ಯುನ್ಮಾನ ಯಂತ್ರದಿಂದ ಪತ್ತೆಮಾಡುವ ವಿದ್ಯೆ ತೀರ ಈಚಿನದೆಂದು ಅನೇಕರ ಭಾವನೆ. ಅದರ ಬೇರುಗಳಲ್ಲೊಂದು ಅಮೆರಿಕದ ಸೈನ್ಯದಲ್ಲಿದೆ.

ಅನುಭವ ಸಾಲದ ಸೈನಿಕರು ಬರಿಯ ಊಹೆಯಿಂದ ಕೆಡದ ಭಾಗಗಳನ್ನೂ ಕಿತ್ತು ಬದಲಾಯಿಸುವುದು ಅಲ್ಲಿ ದುಬಾರಿಯಾಗಿತ್ತು. ಆದುದರಿಂದ 1970ರ ದಶಕದಲ್ಲಿ ಆರ್‌ಸಿಎ ಕಂಪನಿಯು ಎಸ್‌ಟಿಇ-ಐಸಿಇ ಎಂಬ ಪರೀಕ್ಷಾಯಂತ್ರವನ್ನು ರೂಪಿಸಿತು. ಐದು ಟನ್ನಿನ ಎಂ939 ಲಾರಿಗಳಲ್ಲಿಯೂ 1980ರ ದಶಕದ ಹಮ್‌ವೀಗಳಲ್ಲಿಯೂ ಅದಕ್ಕೆಂದೇ ಸಾಕೆಟ್ ಇಟ್ಟರು. ಮೀಟರನ್ನು ಜೋಡಿಸಿ ಪರೀಕ್ಷೆಯ ಸಂಖ್ಯೆಯನ್ನು ತಿರುಗಿಸಿದರೆ ಎಂಜಿನ್ನಿನ ವೇಗವೋ ಬ್ಯಾಟರಿಯ ವೋಲ್ಟೇಜೋ ಅಂಕಿಗಳಲ್ಲಿ ಮೂಡುತ್ತಿತ್ತು. ಕೈಪಿಡಿಯೊಡನೆ ಹೋಲಿಸಿ ತೀರ್ಮಾನಿಸುವ ಹೊಣೆ ಮಾತ್ರ ಮನುಷ್ಯನದೇ.

1986ರಲ್ಲಿ ಜರ್ಮನಿಯ ಬಾಷ್ ಕಂಪನಿ ವಾಹನದ ನಿಯಂತ್ರಕಗಳು ಒಂದೇ ಜೋಡಿ ತಂತಿಯ ಮೇಲೆ ಮಾತನಾಡುವ ‘ಕ್ಯಾನ್’ ಪದ್ಧತಿಯನ್ನು ಪ್ರಕಟಿಸಿತು. ಅದರ ಮೇಲೆ 1990ರ ದಶಕದಲ್ಲಿ ಭಾರೀ ಲಾರಿಗಳ ಜೆ1939 ಮಾನಕ ಬೆಳೆಯಿತು. ಇದರಲ್ಲಿ ಮುಖ್ಯವಾಗಿ ಎರಡು ಸಂಖ್ಯೆಗಳು ದೋಷವನ್ನು ಗುರುತಿಸುತ್ತವೆ. ಮೊದಲನೆಯದು 100 ಆದರೆ ವಿಷಯ ಎಂಜಿನ್ ಆಯಿಲಿನ ಒತ್ತಡ. ಎರಡನೆಯದು 1 ಆದರೆ ಒತ್ತಡವೇ ಅಪಾಯಕರವಾಗಿ ಕುಸಿದಿದೆ; 3 ಅಥವಾ 4 ಆದರೆ ಸಂವೇದಕದ ವೋಲ್ಟೇಜ್ ಅಸಹಜ, ಮೊದಲು ತಂತಿಯನ್ನು ನೋಡಬೇಕು. ಯಂತ್ರ ತನ್ನ ಸಾಕ್ಷಿಯನ್ನೇ ಶಂಕಿಸುವ ಈ ವಿವೇಕವನ್ನು ನಾನು ಇಡೀ ಗಣಕಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಲಾರಿ ವ್ಯವಹಾರದಲ್ಲಿರುವ ನನ್ನ ಶಿಷ್ಯರು 100-4 ಎಂಬುದನ್ನು ಕಂಡು ಎಂಜಿನ್ ಬಿಚ್ಚಿಸದಿರಲಿ!

ಹರಾಜಿನಲ್ಲಿ ಕೊಂಡ ಹಳೆಯ ಎಂ939ಗೆ ಇಂದಿನ ಸ್ಕ್ಯಾನರ್ ವ್ಯರ್ಥ. ಅದರ ಡೀಸೆಲ್ ಪಂಪು ಯಾಂತ್ರಿಕ; ಮಾತನಾಡಲು ಒಳಗೆ ಗಣಕವೇ ಇಲ್ಲ. ಆದರೂ ಆ ಹಳೆಯ ಸಾಕೆಟ್ಟಿನಲ್ಲಿ ಸಾಧಾರಣ ಮಲ್ಟಿಮೀಟರಿನಿಂದ ಬ್ಯಾಟರಿಯ 24 ವೋಲ್ಟನ್ನು ಈಗಲೂ ಅಳೆಯಬಹುದು.