ಲೈಬ್ರರಿಯ ದುಡ್ಡು ಯಾರದು?

ಪಿಟ್ಸ್‌ಬರ್ಗಿಗೆ ಬಂದ ಹೊಸದರಲ್ಲಿ ನನಗೆ ಕ್ರೆಡಿಟ್ ಕಾರ್ಡ್ ಕೊಡೋಕೆ ಬ್ಯಾಂಕಿನವರು ಹಿಂದೆ ಮುಂದೆ ನೋಡಿದ್ದರು. ಲೈಬ್ರರಿಯವರು ಮಾತ್ರ ನನ್ನ ವಿಳಾಸ ಇದ್ದ ಒಂದು ಕಾಗದ ನೋಡಿ, ಐದೇ ನಿಮಿಷದಲ್ಲಿ ಕಾರ್ಡು ಮಾಡಿಕೊಟ್ಟರು. ಠೇವಣಿ ಇಲ್ಲ, ಚಂದಾ ಇಲ್ಲ. ಆವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೇ ದೊಡ್ಡ ಸುದ್ದಿ ಅನ್ನೋ ಹಾಗೆ ಹೇಳಿದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಅಲ್ವೋ, ಹಾಗಾದ್ರೆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿದರು. ಉತ್ತರ ಗೊತ್ತಿದೆ ಅಂದುಕೊಂಡು "ಕಾರ್ನೆಗಿ ಅಂತ ಒಬ್ಬ ಶ್ರೀಮಂತ ಕೊಟ್ಟಿದ್ದು" ಅಂದುಬಿಟ್ಟೆ. ಆ ಉತ್ತರ ಅರ್ಧ ಮಾತ್ರ ಸರಿ ಅಂತ ಗೊತ್ತಾಗೋಕೆ ಬಹಳ ದಿನ ಹಿಡಿಯಿತು.

ಇಲ್ಲಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿರುವ ಮುಖ್ಯ ಗ್ರಂಥಾಲಯ 1895ರಲ್ಲಿ ತೆರೆದಿದ್ದು. ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದಿರುವ ಮಾತಿನ ಅರ್ಥ, "ಜನರಿಗೆ ಉಚಿತ". ಅದರಲ್ಲಿರುವ ಉಚಿತ ಅನ್ನೋ ಪದದ ಹಿಂದೆ ಒಂದು ಕಥೆ ಇದೆ.

ಆಂಡ್ರ್ಯೂ ಕಾರ್ನೆಗಿ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಲ್ಲಿ. ಅಪ್ಪ ಕೈಮಗ್ಗದ ನೇಕಾರ. ಹಬೆಯಂತ್ರದ ಮಗ್ಗಗಳು ಬಂದು ಕಸುಬು ಹಾಳಾದ ಮೇಲೆ, 1848ರಲ್ಲಿ ಸಂಸಾರ ಸಮೇತ ಹಡಗು ಹತ್ತಿ ಅಲೆಗೆನಿಗೆ ಬಂದರು. ಆಗ ಅದು ಪಿಟ್ಸ್‌ಬರ್ಗಿನಿಂದ ನದಿಯಾಚೆಗಿದ್ದ ಬೇರೆಯೇ ಊರು. ಹುಡುಗನಿಗೆ ಮೊದಲು ಸಿಕ್ಕಿದ್ದು ಹತ್ತಿ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟಿನ ಕೆಲಸ. ಆಮೇಲೆ ಟೆಲಿಗ್ರಾಫ್ ಆಫೀಸಿನಲ್ಲಿ ತಂತಿ ಹಂಚುವ ಕೆಲಸ. ಪುಸ್ತಕ ಕೊಳ್ಳೋಕೆ ಎಲ್ಲಿಂದ ಬರಬೇಕು ದುಡ್ಡು?

ಅದೇ ಊರಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಅಂತ ಒಬ್ಬರು ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಬಿಟ್ಟುಕೊಟ್ಟಿದ್ದರು. ಶನಿವಾರ ಒಂದು ಪುಸ್ತಕ ಒಯ್ಯಬೇಕು, ಮುಂದಿನ ಶನಿವಾರ ತಂದುಕೊಟ್ಟು ಇನ್ನೊಂದು ಒಯ್ಯಬೇಕು. ಮುಂದೆ ಆ ಸಂಗ್ರಹ ಬೆಳೆದು ದೊಡ್ಡ ಗ್ರಂಥಾಲಯವಾದಾಗ ಒಂದು ನಿಯಮ ಬಂತು: ಕಸುಬಿನ ತರಬೇತಿಗೆ ಕರಾರು ಬರೆದುಕೊಟ್ಟ ಹುಡುಗರಿಗೆ ಪುಕ್ಕಟೆ, ಮಿಕ್ಕವರಿಗೆ ವರ್ಷಕ್ಕೆ 2 ಡಾಲರ್. ತಂತಿ ಹಂಚುವ ಹುಡುಗ "ಮಿಕ್ಕವರ" ಪಟ್ಟಿಗೆ ಬಿದ್ದ! 1853ರಲ್ಲಿ ಹದಿನೇಳು ವರ್ಷದ ಕಾರ್ನೆಗಿ ಊರಿನ ಪತ್ರಿಕೆಗೆ, ತಾನೂ ಒಬ್ಬ ದುಡಿಯುವ ಹುಡುಗನೇ ಅಂತ ಸಹಿ ಹಾಕಿ ಕಾಗದ ಬರೆದ. ನಿಯಮ ಬದಲಾಯಿತು.

ಇಲ್ಲಿಯವರೆಗೆ ಓದಿದರೆ ಕಣ್ಣು ತುಂಬಿ ಬರುವಂಥ ಕಥೆ ಅಲ್ವಾ? ನನಗೂ ಹಾಗೇ ಆಗಿತ್ತು, ಬ್ರಾಡಕ್‌ಗೆ ಹೋಗಿ ಬರೋ ತನಕ.

ಬ್ರಾಡಕ್ ಅನ್ನೋದು ನಗರದಿಂದ ಸ್ವಲ್ಪ ಆಚೆ, ಮೊನಂಗಹೀಲಾ ನದಿಯ ದಡದಲ್ಲಿರುವ ಪುಟ್ಟ ಊರು. ಕಾರ್ನೆಗಿಯ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಇದ್ದದ್ದು ಇಲ್ಲೇ. ಅಮೆರಿಕದಲ್ಲಿ ಆತ ಕಟ್ಟಿಸಿದ ಮೊಟ್ಟಮೊದಲ ಗ್ರಂಥಾಲಯವೂ ಇಲ್ಲೇ ಇದೆ. 1889ರ ಮಾರ್ಚಿನಲ್ಲಿ ತೆರೆದದ್ದು. ಕೋಟೆಯ ಹಾಗೆ ಕಾಣುವ ಕಲ್ಲಿನ ಕಟ್ಟಡ. ಒಳಗೆ ಪುಸ್ತಕಗಳ ಜೊತೆ ಬಿಲಿಯರ್ಡ್ಸ್ ಮೇಜುಗಳಿದ್ದವು. ನೆಲಮಾಳಿಗೆಯಲ್ಲಿ ಸ್ನಾನದ ಮನೆ! ಕುಲುಮೆಯ ಮಸಿ, ಬೆವರು ಮೆತ್ತಿಕೊಂಡು ಬರುವ ಕಾರ್ಮಿಕರು ಅಲ್ಲೇ ಮೈ ತೊಳೆದುಕೊಳ್ಳಬಹುದಿತ್ತು. ಕೆಲವೇ ವರ್ಷಗಳಲ್ಲಿ ಇದಕ್ಕೆ ಸಂಗೀತ ಸಭಾಂಗಣ, ವ್ಯಾಯಾಮಶಾಲೆ, ಈಜುಕೊಳ ಎಲ್ಲ ಸೇರಿಕೊಂಡವು. ಗ್ರಂಥಾಲಯ ಅಂದರೆ ಬರೀ ಪುಸ್ತಕದ ಕಪಾಟು ಅಲ್ಲ, ಊರಿನ ಮಂದಿ ಬಂದು ಕೂರುವ ಜಾಗ ಅನ್ನೋದು ಆಗಲೇ ಅಲ್ಲಿತ್ತು.

ಆದರೆ ಅದರ ಹಿಂದಿನ ವರ್ಷವನ್ನೂ ನೋಡಬೇಕು. ಈ ಕಾರ್ಖಾನೆಯಲ್ಲಿ ಕೆಲವು ವರ್ಷ ಎಂಟು ತಾಸಿನ ಪಾಳಿ ನಡೆಯುತ್ತಿತ್ತು. 1888ರಲ್ಲಿ ಕಾರ್ನೆಗಿ ಅದನ್ನು ತೆಗೆದು ಮತ್ತೆ ಹನ್ನೆರಡು ತಾಸು ಮಾಡಿದ. ಕಾರ್ಮಿಕರು ಒಪ್ಪದಿದ್ದಾಗ ತಿಂಗಳುಗಟ್ಟಲೆ ಕಾರ್ಖಾನೆ ನಿಂತಿತು. ಕೊನೆಗೆ ಸೋತವರು ಕಾರ್ಮಿಕರೇ. ಅವರ ದಿನದಿಂದ ನಾಲ್ಕು ತಾಸು ಕಿತ್ತುಕೊಂಡ ಮರುವರ್ಷ ಆತ ಅವರಿಗೆ ಲೈಬ್ರರಿ ಕೊಟ್ಟ. ಹನ್ನೆರಡು ತಾಸು ಕುಲುಮೆಯ ಮುಂದೆ ನಿಂತವನು ಪುಸ್ತಕ ಬಿಡಿಸೋದು ಯಾವಾಗ, ನೀವೇ ಹೇಳಿ.

ಮುಂದೆ 1892ರಲ್ಲಿ ನದಿಯ ಇನ್ನೊಂದು ದಡದ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ವಿಷಯಕ್ಕೆ ಜಗಳ ಹತ್ತಿತು. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದ, ಇಲ್ಲಿ ಕಾರುಬಾರು ಹೆನ್ರಿ ಕ್ಲೇ ಫ್ರಿಕ್‌ನದು. ಜುಲೈ 6ರಂದು ಪಿಂಕರ್ಟನ್ ಸಂಸ್ಥೆಯ 300 ಕಾವಲುಗಾರರು ದೋಣಿಗಳಲ್ಲಿ ಬಂದಿಳಿದಾಗ ಗುಂಡು ಹಾರಿತು, ಎರಡೂ ಕಡೆ ಹೆಣ ಬಿತ್ತು. ಕಾರ್ಮಿಕ ಸಂಘ ಮುರಿದುಬಿತ್ತು. ಆರು ವರ್ಷ ಆದಮೇಲೆ, 1898ರಲ್ಲಿ, ಅದೇ ಊರಿನ ಗುಡ್ಡದ ಮೇಲೆ ಒಂದು ಭವ್ಯ ಗ್ರಂಥಾಲಯ ಎದ್ದು ನಿಂತಿತು. ಇದನ್ನೆಲ್ಲ ಜನ ಮರೆಯಲಿಲ್ಲ. ಪಕ್ಕದ ರಾಜ್ಯದ ವೀಲಿಂಗ್ ಊರಿನಲ್ಲಿ 1904ರಲ್ಲಿ ಕಾರ್ನೆಗಿ ಗ್ರಂಥಾಲಯದ ಪ್ರಶ್ನೆ ಮತಕ್ಕೆ ಬಂದಾಗ ಕಾರ್ಮಿಕ ಸಂಘಗಳು ಹೋಮ್‌ಸ್ಟೆಡ್ ಹೆಸರು ಹೇಳಿ ವಿರೋಧಿಸಿದವು. ಪ್ರಸ್ತಾಪ ಬಿದ್ದುಹೋಯಿತು.

ಹಾಗಾದರೆ ಅಪ್ಪನಿಗೆ "ಕಾರ್ಮಿಕರ ದುಡ್ಡು" ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಲೆಕ್ಕ ಅಲ್ಲಿಗೂ ಮುಗಿಯೋದಿಲ್ಲ.

1881ರಲ್ಲಿ ಕಾರ್ನೆಗಿ ಪಿಟ್ಸ್‌ಬರ್ಗಿಗೆ ಎರಡೂವರೆ ಲಕ್ಷ ಡಾಲರ್ ಕೊಡುವುದಾಗಿ ಹೇಳಿದಾಗ ಒಂದು ಷರತ್ತು ಹಾಕಿದ್ದ: ಜಾಗ ಊರಿನದು, ವರ್ಷವರ್ಷದ ಖರ್ಚೂ ಊರಿನದು. ತೆರಿಗೆ ಹಣವನ್ನು ಲೈಬ್ರರಿಗೆ ಖರ್ಚು ಮಾಡೋಕೆ ಕಾನೂನಿನಲ್ಲಿ ಅವಕಾಶ ಇಲ್ಲ ಅಂತ ನಗರದವರು ಬೇಡ ಅಂದರು. ಕಾನೂನು ಬದಲಾದ ಮೇಲೆ ಮತ್ತೆ ಮಾತುಕತೆ ನಡೆದು, 1890ರಲ್ಲಿ ಮೊತ್ತ ಹತ್ತು ಲಕ್ಷ ಡಾಲರಿಗೆ ಏರಿತು. ನಗರ ವರ್ಷಕ್ಕೆ 40,000 ಡಾಲರ್ ಕೊಡೋಕೆ ಒಪ್ಪಿತು. ಆಮೇಲೆ ಇದೇ ಎಲ್ಲ ಕಡೆಗೂ ಪದ್ಧತಿಯಾಯಿತು: ಕಾರ್ನೆಗಿ ಕಟ್ಟಡಕ್ಕೆ ಎಷ್ಟು ಕೊಡುತ್ತಾನೋ ಅದರ ಶೇಕಡಾ 10ರಷ್ಟನ್ನು ಊರು ಪ್ರತಿ ವರ್ಷ ಖರ್ಚು ಮಾಡಬೇಕು. ಹೀಗೆ ಜಗತ್ತಿನಾದ್ಯಂತ ಎದ್ದದ್ದು 2,509 ಗ್ರಂಥಾಲಯಗಳು, ಅಮೆರಿಕದಲ್ಲೇ 1,679 ಕಟ್ಟಡಗಳು. ಲೆಕ್ಕ ಹಾಕಿ ನೋಡಿ, ಹತ್ತು ವರ್ಷಕ್ಕೆ ಊರಿನವರ ಪಾಲು ದಾನಿಯ ಪಾಲಿಗೆ ಸಮ. ನೂರು ವರ್ಷಕ್ಕೆ?

ಕಾರ್ಖಾನೆ ಊರುಗಳಾದ ಬ್ರಾಡಕ್, ಹೋಮ್‌ಸ್ಟೆಡ್, ಡುಕೇನ್‌ಗಳಿಗೆ ಮಾತ್ರ ಈ ತೆರಿಗೆಯ ಷರತ್ತು ಇರಲಿಲ್ಲ, ಅವು ಯಜಮಾನ ಕೊಟ್ಟ ದುಡ್ಡಲ್ಲೇ ನಡೆದವು. ಡುಕೇನ್ ಗ್ರಂಥಾಲಯವನ್ನು 1968ರಲ್ಲಿ ಕೆಡವಿದರು. ಬ್ರಾಡಕ್‌ನದು 1974ರಲ್ಲಿ ಮುಚ್ಚಿತು. ಅಲ್ಲಿನ ಕೊನೆಯ ಗ್ರಂಥಪಾಲಕರೂ ಊರಿನವರೂ ಹಟ ಹಿಡಿದು ಕಟ್ಟಡ ಉಳಿಸಿಕೊಂಡು, 1983ರಲ್ಲಿ ಮಕ್ಕಳಿಗಾಗಿ ಒಂದು ಕೋಣೆಯನ್ನು ಮತ್ತೆ ತೆರೆದರು. ಹೋಮ್‌ಸ್ಟೆಡ್‌ನದು ಮಾತ್ರ ಮುಚ್ಚದೆ ಉಳಿಯಿತು.

ಪಿಟ್ಸ್‌ಬರ್ಗಿಗೂ ಅಂಥ ದಿನ ಬಂತು. 2009ರ ಅಕ್ಟೋಬರಿನಲ್ಲಿ ದುಡ್ಡಿಲ್ಲ ಅಂತ ಆಡಳಿತ ಮಂಡಳಿ ನಾಲ್ಕು ಶಾಖೆಗಳನ್ನು ಮುಚ್ಚುವ ತೀರ್ಮಾನ ಮಾಡಿತು. ಹೇಜಲ್‌ವುಡ್, ಬೀಚ್‌ವ್ಯೂ ಥರದ, ದುಡಿದು ತಿನ್ನುವವರ ಬಡಾವಣೆಗಳವು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವನು ಕೆಲಸದ ಅರ್ಜಿ ತುಂಬೋದು, ಅಮ್ಮ ಕೆಲಸದಿಂದ ಬರೋ ತನಕ ಮಕ್ಕಳು ಹೋಂವರ್ಕ್ ಮಾಡುತ್ತಾ ಕೂರೋದು, ಚಳಿಗಾಲದಲ್ಲಿ ಒಂಟಿ ಮುದುಕರು ಬೆಚ್ಚಗೆ ಪೇಪರ್ ಓದೋದು, ಎಲ್ಲ ಇಂಥ ಶಾಖೆಗಳಲ್ಲೇ. ಜನ ಗಲಾಟೆ ಮಾಡಿದರು, ಮುಚ್ಚುವುದು ಮುಂದೆ ಹೋಯಿತು. 2011ರ ನವೆಂಬರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಲೈಬ್ರರಿಗೆಂದೇ ಹೆಚ್ಚುವರಿ ತೆರಿಗೆ ಬೇಕೇ ಅಂತ ಮತಕ್ಕೆ ಹಾಕಿದರು. ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 25 ಡಾಲರ್. ಯಾರು ತಾನೇ ಖುಷಿಯಿಂದ ತೆರಿಗೆ ಕೊಡ್ತಾರೆ? ಆದರೂ ನೂರಕ್ಕೆ ಸುಮಾರು ಎಪ್ಪತ್ತು ಜನ "ಹೌದು" ಅಂದರು.

ಇಷ್ಟೆಲ್ಲ ತಿಳಿದ ಮೇಲೆ ಒಂದು ಭಾನುವಾರ ಅಪ್ಪನಿಗೆ ಫೋನ್ ಮಾಡಿ, "ದುಡ್ಡು ಊರಿನವರದೇ ಅಪ್ಪ" ಅಂದೆ. ಹಾಗೇ, "ನಿಮ್ಮ ಮನೆಗಂದಾಯದ ರಸೀದಿ ತೆಗೆದು ನೋಡಿ" ಅಂತಲೂ ಹೇಳಿದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟಿಸಿಕೊಳ್ಳುತ್ತಾರೆ. ಈಗ ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ.

ಅಪ್ಪ ಕನ್ನಡಕ ಹುಡುಕಿ, ರಸೀದಿ ತೆಗೆದು, ಸಾಲು ಸಾಲಾಗಿ ಓದಿದರು. "ಹೌದಲ್ಲೋ, ಇದೆ. ಇಷ್ಟು ವರ್ಷದಿಂದ ಕೊಡ್ತಾ ಇದ್ದೀನಿ. ಲೈಬ್ರರಿ ಕಡೆ ತಲೆ ಹಾಕಿ ಎಷ್ಟು ವರ್ಷ ಆಯ್ತು!" ಅಂದರು. ಮುಂದಿನ ವಾರ ಅವರೇ ಫೋನ್ ಮಾಡಿದ್ದರು. ಲೈಬ್ರರಿಗೆ ಹೋಗಿದ್ದರಂತೆ, ಫ್ಯಾನ್ ತಿರುಗ್ತಾ ಇರಲಿಲ್ಲವಂತೆ. ಮೊದಲಾಗಿದ್ದರೆ "ಸರ್ಕಾರಿ ಲೈಬ್ರರಿ, ಇನ್ನೇನು" ಅಂತ ಸುಮ್ಮನೆ ಎದ್ದು ಬರ್ತಿದ್ದರೋ ಏನೋ. ಈ ಸಲ ಅಲ್ಲೇ ಕೂತು ಒಂದು ಅರ್ಜಿ ಬರೆದುಕೊಟ್ಟು ಬಂದರಂತೆ.