ಪದರದೊಳಗೆ ಹೋದದ್ದು ಯಾವ ಅಯಾನು? ಅಹಮದಾಬಾದಿನ ಬಣ್ಣದ ನೀರು ಮತ್ತು ಪಾಲಿಪಿರೋಲ್

ಪಾಲಿಪಿರೋಲ್ ಪದರವನ್ನು ಉತ್ಕರ್ಷಿಸಿದಾಗ ಅದರ ಸರಪಳಿಗಳು ಧನಾವೇಶ ಪಡೆಯುತ್ತವೆ. ಅದನ್ನು ಸರಿದೂಗಿಸಲು ದ್ರಾವಣದ ಋಣ ಅಯಾನು ಒಳಬರಬೇಕು, ಇಲ್ಲವೇ ಒಳಗಿರುವ ಧನ ಅಯಾನು ಹೊರಹೋಗಬೇಕು. ಇಷ್ಟರ ಮಟ್ಟಿಗೆ ವಿವಾದವಿಲ್ಲ. ಕಾಫ್‌ಮನ್, ಕನಜಾವ ಮತ್ತು ಸ್ಟ್ರೀಟ್ 1984ರಲ್ಲಿ ಈ ಪದರವನ್ನು ಕ್ವಾರ್ಟ್ಜ್ ಸೂಕ್ಷ್ಮತಕ್ಕಡಿಯ ಮೇಲೆ ತೂಗಿದರು. ಆವೇಶದ ಜೊತೆಗೆ ನೀರು, ಲವಣದಂಥ ತಟಸ್ಥ ದ್ರವ್ಯಗಳೂ ಸಂಚರಿಸುತ್ತವೆಂದು ಬ್ರೂಕನ್‌ಸ್ಟೈನ್ ಮತ್ತು ಹಿಲ್‌ಮನ್ 1988ರಲ್ಲಿ ವಾದಿಸಿದರು. ಆದರೂ ತೂಕದ ಏರಿಕೆಯನ್ನು ಆವೇಶದಿಂದ ಭಾಗಿಸಿ, ಮೋಲ್ ಎಲೆಕ್ಟ್ರಾನಿಗೆ 35.5 ಗ್ರಾಂ ಬಂದರೆ ‘ಕ್ಲೋರೈಡ್’ ಎಂದು ತೀರ್ಮಾನಿಸುವ ರೂಢಿ ಉಳಿದಿದೆ. ನನ್ನ ತಕರಾರು ಈ ರೂಢಿಯ ಬಗ್ಗೆ.

ಗುಜರಾತಿನ ಕಾರ್ಖಾನೆಗಳ ಬಣ್ಣದ ನೀರಿನಿಂದ ಬಣ್ಣ ತೆಗೆಯಲು ಇಂಥ ಪದರಗಳನ್ನು ಬಳಸಹೊರಟರೆ ಊರಿಂದೂರಿಗೆ ಪ್ರಶ್ನೆಯೇ ಬದಲಾಗುತ್ತದೆ. ಸೂರತ್‌ನಲ್ಲಿ ಪಾಲಿಯೆಸ್ಟರ್‌ದೇ ಮೇಲುಗೈ. ಅದಕ್ಕೆ ಹಾಕುವ ಡಿಸ್ಪರ್ಸ್ ಬಣ್ಣಗಳು ಅಯಾನುಗಳಲ್ಲ. ವಡೋದರದ ನಂದೇಸರಿಯಲ್ಲಿ ಹಲವು ರಾಸಾಯನಿಕ ಕಾರ್ಖಾನೆಗಳಿರುವುದರಿಂದ ಅಲ್ಲಿನ ನೀರನ್ನು ಒಂದೇ ಮಾದರಿಗೆ ಒಗ್ಗಿಸಲಾಗದು. ಅಹಮದಾಬಾದಿನ ಹತ್ತಿಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಸಲ್ಫೊನೇಟ್ ಗುಂಪುಗಳುಳ್ಳ ಋಣ ಅಯಾನುಗಳು. ಅವು ನೂಲಿಗೆ ಹತ್ತಲೆಂದು ತೊಟ್ಟಿಗೆ ಧಾರಾಳವಾಗಿ ಉಪ್ಪು ಸುರಿಯುತ್ತಾರೆ. ಲೀಟರಿಗೆ 60 ಗ್ರಾಂ ಅಡುಗೆ ಉಪ್ಪೆಂದರೆ ಸುಮಾರು 1 ಮೋಲ್. ನೂಲಿಗೆ ಹತ್ತದೆ ಉಳಿದ, ಜಲವಿಚ್ಛೇದಿತ ರಿಯಾಕ್ಟಿವ್ ಬ್ಲ್ಯಾಕ್ 5 ಲೀಟರಿಗೆ 1 ಗ್ರಾಂ ಇದ್ದರೂ ಅದು ಸುಮಾರು 1.3 ಮಿಲಿಮೋಲ್ ಅಷ್ಟೆ.

ಪೂರ್ಣ ಉತ್ಕರ್ಷಿತ ಪದರದ ಸ್ಥಿರ ಆವೇಶವನ್ನು ಲೀಟರಿಗೆ 4 ಮೋಲ್ ಎಂದಿಟ್ಟುಕೊಳ್ಳೋಣ. ಆದರ್ಶ ಡೋನನ್ ಸಮತೋಲದಂತೆ, ಹೊರಗೆ 0.01 ಮೋಲ್ ಉಪ್ಪಿದ್ದರೆ ಪದರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊರಗೆ 1 ಮೋಲ್ ಇದ್ದರೆ ಒಳಗೆ 0.24 ಮೋಲ್ ಸೋಡಿಯಂ ಉಳಿಯುತ್ತದೆ. ಅಪಕರ್ಷಿತ ಪದರದಲ್ಲಿ ಸ್ಥಿರ ಆವೇಶವೇ ಇಲ್ಲದ್ದರಿಂದ ಉಪ್ಪು ಅಡೆತಡೆಯಿಲ್ಲದೆ ಒಳಸೇರಿ ಸೋಡಿಯಂ 1 ಮೋಲ್ ತಲುಪುತ್ತದೆ. ಹಾಗಾಗಿ ಉತ್ಕರ್ಷಣದಲ್ಲಿ ಆವೇಶದ ಶೇ. 81ರಷ್ಟನ್ನು ಒಳಬರುವ ಕ್ಲೋರೈಡ್ ಸರಿದೂಗಿಸಿದರೆ, ಶೇ. 19ರಷ್ಟನ್ನು ಹೊರಹೋಗುವ ಸೋಡಿಯಂ ಸರಿದೂಗಿಸುತ್ತದೆ. ಇವೆರಡರ ನಿವ್ವಳ ತೂಕ ಮೋಲ್ ಎಲೆಕ್ಟ್ರಾನಿಗೆ 24.4 ಗ್ರಾಂ. ಜೊತೆಗೆ 0.6 ಮೋಲ್ ನೀರು ಒಳಬಂದರೆ ತಕ್ಕಡಿ ಹೆಚ್ಚುಕಡಿಮೆ 35.5 ಗ್ರಾಂ ತೋರಿಸುತ್ತದೆ! ಅಂದರೆ ಕ್ಲೋರೈಡ್ ಒಂದೇ ಚಲಿಸಿದ್ದರೂ, ಮೂರು ದ್ರವ್ಯಗಳು ಚಲಿಸಿದ್ದರೂ ಅಂಕಿ ಒಂದೇ.

ಬಣ್ಣದ ಪಾಲೆಷ್ಟು? ಎರಡು ಋಣಾವೇಶಗಳ ಅಯಾನಿಗೆ ಡೋನನ್ ನಿಯಮ ಒಲವು ತೋರುತ್ತದೆ. ಆದರೂ ಮೇಲಿನ ಪ್ರಮಾಣಗಳಲ್ಲಿ ಬಣ್ಣ ಸರಿದೂಗಿಸುವ ಆವೇಶ ಶೇ. 1ರ ಆಸುಪಾಸು. ಹಾಗಾಗಿ, ಉಪ್ಪಿಲ್ಲದ ನೀರಿನಲ್ಲಿ ಕಂಡ ಬಣ್ಣ-ವಿನಿಮಯವನ್ನು ಅಹಮದಾಬಾದಿನ ತೊಟ್ಟಿಗೆ ಅನ್ವಯಿಸಲಾಗದು ಎನ್ನುವುದು ನನ್ನ ವಾದ. ಇದನ್ನು ಮಿತಿಗಳೊಡನೆಯೇ ಓದಬೇಕು. ಇದು ತೊಳೆನೀರು ಬೆರೆಯುವ ಮುಂಚಿನ ತೊಟ್ಟಿಯ ಲೆಕ್ಕ. ಪದರ ಉಬ್ಬುವುದನ್ನೂ ಅಯಾನುಗಳ ಪಟುತ್ವ ಗುಣಾಂಕಗಳನ್ನೂ ಇದರಲ್ಲಿ ಬಿಟ್ಟಿದ್ದೇನೆ. ಬಣ್ಣದ ಆರೊಮ್ಯಾಟಿಕ್ ಉಂಗುರಗಳು ಪಾಲಿಮರಿಗೆ ಅಂಟಿಕೊಂಡರೆ ಅದರ ಪಾಲು ಹೆಚ್ಚಬಹುದು. ಅಣುವಿನ ಗಾತ್ರ ಅಡ್ಡಬಂದರೆ ತಗ್ಗಬಹುದು.

ಪರೀಕ್ಷೆ ಕಷ್ಟದ್ದಲ್ಲ. ಸೋಡಿಯಂ ಕ್ಲೋರೈಡ್ ಬದಲು ಅಷ್ಟೇ ಸಾಂದ್ರತೆಯ ಸೀಸಿಯಂ ಕ್ಲೋರೈಡಿನಲ್ಲಿ ಅದೇ ಪದರವನ್ನು ತೂಗಬೇಕು. ಕ್ಲೋರೈಡ್ ಮಾತ್ರ ಚಲಿಸುವುದಾದರೆ ಅಂಕಿ ಕದಲದು. ಈ ಲೆಕ್ಕ ಸರಿಯಾದರೆ ಸುಮಾರು 21 ಗ್ರಾಂ ಇಳಿಯಬೇಕು. ಆದರೆ ಎರಡೂ ಲವಣಗಳಲ್ಲಿ ನೀರಿನ ಚಲನೆ ಒಂದೇ ಎಂಬ ಊಹೆ ಇದರ ಹಿಂದಿದೆ. ಅದನ್ನು ಬೇರೆಯಾಗಿಯೇ ಅಳೆಯಬೇಕು. ಆವರ್ತನದಿಂದ ಆವರ್ತನಕ್ಕೆ ಬಣ್ಣ ಒಳಗೆ ಸಿಕ್ಕಿಕೊಳ್ಳುತ್ತ ಹೋದರೆ ಪದರವು ಕ್ರಮೇಣ ಧನ ಅಯಾನುಗಳ ವಿನಿಮಯಕಾರಿಯಾಗುವುದೇ ಎಂಬ ಪ್ರಶ್ನೆಗೆ ಸಮತೋಲದ ಈ ಲೆಕ್ಕದಲ್ಲಿ ಉತ್ತರವಿಲ್ಲ.